ದಾರಿ ಸಿಗದ ಚುಕ್ಕೆಗಳು

ಹ್ಯಾನೋವರ್
3 ಜೂನ್ 2012

ಪ್ರೀತಿಯ ಹೆನ್ನಿಂಗಣ್ಣ,

ನನ್ನ ಗಂಡ, ನನ್ನ ಗಂಡ, ನನ್ನ ಗಂಡ! ಮೂರು ಸಲ ಬರೆದರೂ ಆ ಪದ ಇನ್ನೂ ಹೊಸ ಬಟ್ಟೆಯ ಹಾಗೆ ಗರಿಗರಿಯಾಗಿಯೇ ಇದೆ. ಮದುವೆಯಾಗಿ ಎರಡು ವಾರವಾದರೂ ನನ್ನ ಕಾಲು ನೆಲಕ್ಕೆ ತಾಕುತ್ತಿಲ್ಲ. ನಮ್ಮ ಮನೆ ಮೂರನೇ ಮಹಡಿಯಲ್ಲಿದೆ, ಕಿಟಕಿಯ ಕೆಳಗೇ ಟ್ರಾಮ್ ಹಳಿ. ಬೆಳಿಗ್ಗೆ ಮೊದಲ ಟ್ರಾಮ್ ತಿರುವಿನಲ್ಲಿ ಕಿರ್ರ್ ಅಂದಾಗ ಕಪಾಟಿನ ಗಾಜಿನ ಲೋಟಗಳೆಲ್ಲ ಒಟ್ಟಿಗೆ ಕಿಲಕಿಲ ಅನ್ನುತ್ತವೆ. ಯೋಸ್ಟ್ ಆ ಸದ್ದಿಗೆ ಕಣ್ಣು ಬಿಟ್ಟು ಮೊದಲು ಹೇಳುವ ಮಾತು, "ಇವತ್ತೂ ಎರಡು ನಿಮಿಷ ಲೇಟು!" ಇಂಥ ಗಂಡ ಇನ್ಯಾರಿಗೆ ಸಿಗುತ್ತಾನೆ ಹೇಳು?

ಮದುವೆಯಲ್ಲಿ ನೀನು ಬರೆದು ತಂದ ಭಾಷಣವನ್ನು ನಾನು ಓದಿದೆನಲ್ಲ, ಅತ್ತೆ ಈಗಲೂ ಅದನ್ನೇ ಹೇಳುತ್ತಿರುತ್ತಾರೆ. "ನಿಮ್ಮಣ್ಣ ಬಾಯಿ ಬಿಟ್ಟು ಒಂದ್ ಮಾತಾಡ್ಲಿಲ್ಲ ಕಣಮ್ಮ, ಆದ್ರೂ ನಮ್ಮನ್ನೆಲ್ಲಾ ಅಳಿಸ್ಬಿಟ್ರು." ನಿನಗೆ ತೊದಲು ಎಂದು ನಾನು ಹೇಳಲಿಲ್ಲ. ಫೋನ್ ಬೇಡ, ಕಾಗದವೇ ಬರಿ ಎಂದೆಯಲ್ಲ, ಇಗೋ ಬರೆಯುತ್ತಿದ್ದೇನೆ. ನೋಡು, ನಿನ್ನ ತಂಗಿ ಎಷ್ಟು ಒಳ್ಳೆಯವಳು!

ಈಗ ಬಾಂಬಿನಂಥ ಸುದ್ದಿ. ಕುರ್ಚಿ ಗಟ್ಟಿಯಾಗಿ ಹಿಡಿದುಕೋ. ನಿಮ್ಮ ಜಿಲ್ಲೆಯ ಬಸ್ ಮಾರ್ಗಗಳನ್ನೆಲ್ಲ ಹೊಸದಾಗಿ ರೂಪಿಸುವ ಕೆಲಸ ಯೋಸ್ಟನ ಕಂಪನಿಗೇ ಸಿಕ್ಕಿದೆ! ನಾವಿಬ್ಬರೂ ಚಿಕ್ಕಂದಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಊರು ಊರಿಗೆ ಬಸ್ಸು ಬಿಡುತ್ತಿದ್ದೆವಲ್ಲ, ಸಣ್ಣ ಸಣ್ಣ ಚುಕ್ಕೆಗಳು ಸ್ಟಾಪಿನಲ್ಲಿ ಗುಂಪುಗೂಡುತ್ತಿದ್ದವಲ್ಲ, ಥೇಟ್ ಅದೇ ಆಟ, ಈಗ ನಿಜವಾದ ರಸ್ತೆಯ ಮೇಲೆ! ನೀನು ಇನ್ನೂ ಅದನ್ನು ಆಡುತ್ತೀಯ ಎಂದು ಯೋಸ್ಟ್‌ಗೆ ಹೇಳಿದೆ. ಅವನು ನಗಲಿಲ್ಲ ಅಣ್ಣ. "ನಿಮ್ಮಣ್ಣನ್ನ ನಾನು ಮಾತಾಡಿಸ್ಬೇಕು" ಅಂದ.

ಮುತ್ತುಗಳೊಂದಿಗೆ (ಮದುವೆಯಾದವಳ ಮುತ್ತುಗಳು!),
ವೀಬ್ಕೆ


ಡಾರ್ನ್‌ಬೆಕ್
17 ಜೂನ್ 2012

ವೀಬ್ಕೆ,

ನಿನ್ನ ಕಾಗದ ಓದಿದರೆ ಮನೆಯೊಳಗೆ ಯಾರೋ ಕುಣಿದು ಹೋದ ಹಾಗಾಯಿತು. ಸಂತೋಷವಾಗಿರು.

ಬಸ್ಸಿನ ಸುದ್ದಿ ಓದಿ ಮಾತ್ರ ಸ್ವಲ್ಪ ದಿಗಿಲಾಯಿತು. ಹೊಸದಾಗಿ ರೂಪಿಸುವುದು ಎಂದರೆ ಏನು? ನಮ್ಮೂರಿಗೆ ಬರುವುದು ಏಳನೇ ನಂಬರಿನ ಬಸ್ಸು ಒಂದೇ. ನನ್ನ ಕಣ್ಣು ನಿನಗೆ ಗೊತ್ತು, ಈ ಜನ್ಮದಲ್ಲಿ ನನಗೆ ಡ್ರೈವಿಂಗ್ ಲೈಸೆನ್ಸ್ ಸಿಗುವುದಿಲ್ಲ. ಬೆಳಿಗ್ಗೆ ಆ ಬಸ್ಸು ಹತ್ತಿದರೆ ಓಸ್ಟರ್‌ವೇಡೆಯ ನಮ್ಮ ಪಿಯಾನೋ ರಿಪೇರಿ ಅಂಗಡಿ ತಲುಪುತ್ತೇನೆ, ಸಂಜೆ ಅದರಲ್ಲೇ ವಾಪಸ್ಸು.

ಇನ್ನೊಂದು ವಿಷಯ ಇದೆ. ಬರೆಯಲೋ ಬೇಡವೋ ಎಂದು ಮೂರು ದಿನ ಕಾಗದವನ್ನು ಮುಚ್ಚಿಟ್ಟಿದ್ದೆ. ಹಳೇ ಗಿರಣಿ ಎಂಬ ಸ್ಟಾಪಿನಲ್ಲಿ ಒಬ್ಬರು ಹತ್ತುತ್ತಾರೆ. ಹೆಸರು ಗೆಸಾ. ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ. ಮೂರು ವರ್ಷದಿಂದ ನನ್ನ ಪಕ್ಕದಲ್ಲೇ ಕೂರುತ್ತಾರೆ. ನನ್ನ ಮಾತು ಸಿಕ್ಕಿಹಾಕಿಕೊಂಡಾಗ ಎಲ್ಲರೂ ಅದನ್ನು ತಾವೇ ಮುಗಿಸಿಕೊಡುತ್ತಾರಲ್ಲ, ನೀನೂ ಮುಗಿಸಿಕೊಡುತ್ತೀಯ, ಇವರು ಹಾಗೆ ಮಾಡುವುದಿಲ್ಲ. ಕಿಟಕಿಯಾಚೆ ನೋಡುತ್ತಾ ಕಾಯುತ್ತಾರೆ.

ಮೊನ್ನೆ ಡ್ರೈವರ್ ಊವೆ ಕನ್ನಡಿಯಲ್ಲಿ ನನ್ನನ್ನು ನೋಡಿ, "ಏನಪ್ಪಾ, ತಂಗಿ ಮದ್ವೆ ಕೇಕ್ ಎಲ್ಲಿ? ಕೇಕ್ ಇಲ್ದಿದ್ರೆ ಇವತ್ತು ಇಳ್ಸೋದೇ ಇಲ್ಲ, ಡಿಪೋಗೇ ಕರ್ಕೊಂಡ್ ಹೋಗ್ತೀನಿ" ಅಂದ. ನಾನು ಉತ್ತರಕ್ಕೆ ತಡವರಿಸುತ್ತಿದ್ದೆ. "ಇರಪ್ಪಾ, ತಂದೇ ಇರ್ತಾರೆ. ನೀನೇ ಕೊಬ್ಬಿ ಮರದ ದಿಮ್ಮಿ ಆಗಿದ್ದೀಯ, ಒಂದಿನ ಕೇಕ್ ತಿನ್ನದಿದ್ರೆ ಏನೂ ಆಗಲ್ಲ" ಎಂದರು ಗೆಸಾ. ಇಡೀ ಬಸ್ಸು ನಕ್ಕಿತು. ಇಡೀ ಬಸ್ಸು ಎಂದರೆ ಶಾಲೆಯ ಮಕ್ಕಳು ಮತ್ತು ನಾವಿಬ್ಬರು.

ಇದನ್ನು ಯಾರಿಗೂ ಹೇಳಬೇಡ. ಯೋಸ್ಟ್‌ಗೂ ಹೇಳಬೇಡ. ಆದರೆ ಏಳನೇ ನಂಬರು ಉಳಿಯುವ ಹಾಗೆ ನೋಡಿಕೋ.

ನಿನ್ನ ಅಣ್ಣ


ಹ್ಯಾನೋವರ್
1 ಜುಲೈ 2012

ಅಣ್ಣಾ!!

ಅಯ್ಯೋ ಅಯ್ಯೋ ಅಯ್ಯೋ! ಗೆಸಾ! ಎಷ್ಟು ಚಂದದ ಹೆಸರು! ನಾನು ಅಡುಗೆಮನೆಯಲ್ಲೇ ಕಿರುಚಿಬಿಟ್ಟೆ. ಯೋಸ್ಟ್ ಓಡಿಬಂದು "ಕೈ ಸುಟ್ಕೊಂಡ್ಯಾ?" ಎಂದು ಕೇಳಿದ. ಹೇಳಲಿಲ್ಲ, ಮಾತು ಉಳಿಸಿಕೊಂಡೆ. ಆದರೆ ನಿನಗೆ ಒಂದು ಮಾತು ಹೇಳಲೇಬೇಕು. ಮೂರು ವರ್ಷದಿಂದ ಇನ್ನೂ "ಒಬ್ಬರು", "ಇವರು" ಅಂತ ಬರೆಯುತ್ತೀಯಲ್ಲ! ಒಂದು ದಿನ ಕಾಫಿಗೆ ಕರಿ! ಪ್ರೀತಿ ಅನ್ನುವುದು ನಮ್ಮ ಮನೆಯ ಕೆಳಗಿನ ಟ್ರಾಮ್ ಅಲ್ಲ, ಒಂದು ಹೋದರೆ ಇನ್ನೊಂದು ಬರುತ್ತದೆ ಎಂದು ಸುಮ್ಮನಿರಲು.

ಏಳನೇ ನಂಬರಿನ ಬಗ್ಗೆ ಯೋಸ್ಟ್‌ನನ್ನು ಕೇಳಿದೆ. ಇನ್ನೂ ಏನೂ ತೀರ್ಮಾನವಾಗಿಲ್ಲವಂತೆ. "ಅದು ಹಳ್ಳಿ ಹಳ್ಳಿಗೂ ಹಾವಿನ ಥರ ಸುತ್ಕೊಂಡ್ ಹೋಗುತ್ತೆ ಕಣೆ, ಉಳಿಸೋದು ಕಷ್ಟ. ಅಲ್ಲಿಯವರೇ ಯಾರಾದ್ರೂ ಒಂದು ಒಳ್ಳೆ ನಕ್ಷೆ ಕೊಟ್ರೆ ನಾನು ಮೀಟಿಂಗ್‌ನಲ್ಲಿ ಇಟ್ಟು ವಾದ ಮಾಡ್ತೀನಿ" ಅಂದ. ಗೊತ್ತಾಯಿತಾ ಅಣ್ಣ? ನೀನೇ ಮಾಡು! ಇಡೀ ಜಿಲ್ಲೆಯನ್ನು ಆಟದಲ್ಲಿ ಕಟ್ಟು. ನಿನ್ನ ಗೆಸಾಗಾಗಿ ಒಂದು ಸಾಮ್ರಾಜ್ಯ ಕಟ್ಟು!

ಖುಷಿಯಿಂದ ಹುಚ್ಚಿಯಾದ
ವೀಬ್ಕೆ


ಡಾರ್ನ್‌ಬೆಕ್
15 ಸೆಪ್ಟೆಂಬರ್ 2012

ವೀಬ್ಕೆ,

ಜೊತೆಗೆ ಪೆನ್ ಡ್ರೈವ್ ಇದೆ. ಇಲ್ಲಿನ ಇಂಟರ್‌ನೆಟ್ಟಿನಲ್ಲಿ ಕಳಿಸಿದರೆ ಬರುವ ವರ್ಷ ತಲುಪುತ್ತಿತ್ತು.

ಏಳನೇ ನಂಬರು ಶಾಲೆ ಇರುವ ದಿನ ಮಾತ್ರ ಓಡುವುದು ನಿನಗೆ ಗೊತ್ತೇ ಇದೆ. ಬೇಸಿಗೆ ರಜೆಯ ಆರು ವಾರ ಹಗಲು ಬೆಳಕಿನಲ್ಲಿ ಸೈಕಲ್ ತುಳಿದುಕೊಂಡು ಕೆಲಸಕ್ಕೆ ಹೋದೆ. ಉಳಿದ ಹೊತ್ತೆಲ್ಲ ಮೂಗನ್ನು ಪರದೆಗೆ ಅಂಟಿಸಿಕೊಂಡು ಜಿಲ್ಲೆ ಕಟ್ಟಿದೆ. ಒಂದು ಹಳ್ಳಿಯನ್ನೂ ಬಿಟ್ಟಿಲ್ಲ.

ನನ್ನ ನಕ್ಷೆ ಎರಡು ಭಾಗ. ಒಂದು, ದೊಡ್ಡ ಬಸ್ಸು. ಹೆದ್ದಾರಿಯಲ್ಲಿ ನೇರ ಓಡುತ್ತದೆ, ಎಲ್ಲೂ ಸುತ್ತುವುದಿಲ್ಲ, ಗಂಟೆಗೊಂದು. ಎರಡು, ಒಂದು ಪುಟ್ಟ ಬಸ್ಸು. ಅದು ಹಳ್ಳಿಗಳನ್ನೆಲ್ಲ ಸುತ್ತಿ, ಗಿರಣಿಯವರನ್ನೂ ನಮ್ಮನ್ನೂ ಹತ್ತಿಸಿಕೊಂಡು ಹೆದ್ದಾರಿಯ ಕೂಡುರಸ್ತೆಗೆ ಬಂದು ದೊಡ್ಡ ಬಸ್ಸಿಗೆ ಸೇರುತ್ತದೆ. ಪರದೆಯ ಮೇಲೆ ನೋಡಲು ಬಹಳ ಚಂದ ಇದೆ. ಅಷ್ಟು ನೇರವಾದ ಗೆರೆಯನ್ನು ನಾನು ಯಾವತ್ತೂ ಎಳೆದಿರಲಿಲ್ಲ, ನನಗೇ ಹೆಮ್ಮೆಯಾಯಿತು.

ಇನ್ನು ಮುಂದಿನದನ್ನು ಯೋಸ್ಟ್‌ಗೆ ತಪ್ಪದೆ ಓದಿ ಹೇಳು. ಈ ಎರಡು ಭಾಗ ಬೇರೆ ಮಾಡುವಂತಿಲ್ಲ. ಪುಟ್ಟ ಬಸ್ಸನ್ನು ಅಳಿಸಿದರೂ ಆಟದಲ್ಲಿ ಮೇಲ್ಗಡೆ ಪ್ರಯಾಣಿಕರ ತೃಪ್ತಿ ತೋರಿಸುವ ಪಟ್ಟಿ ಇಳಿಯುವುದಿಲ್ಲ, ಏರುತ್ತದೆ. ಯಾಕೆಂದರೆ ದಾರಿ ಸಿಗದ ಚುಕ್ಕೆ ಮನೆಯಿಂದ ಹೊರಡುವುದೇ ಇಲ್ಲ, ಹೊರಡದ ಚುಕ್ಕೆಯನ್ನು ಆಟ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಉಳಿದವರೆಲ್ಲ ಬೇಗ ತಲುಪಿ ಖುಷಿಯಾಗಿರುತ್ತಾರೆ. ಆ ಏರಿಕೆಯನ್ನು ನಂಬಬಾರದು.

ರಜೆ ಮುಗಿದ ಮೊದಲ ದಿನ ಗೆಸಾ ಬಸ್ಸು ಹತ್ತಿದವರೇ ಸೀದಾ ಬಂದು, "ಆರು ವಾರ ಆಯ್ತು, ಮಾತೆಲ್ಲಾ ಹುಳಿ ಬಂದಿದೆ, ಬೇಗ ಹೇಳಿ" ಅಂದರು. ನಾನು ಆಟದ ವಿಷಯ ಹೇಳಿದೆ. ಓಸ್ಟರ್‌ವೇಡೆ ಬರುವವರೆಗೆ ಹಿಡಿಯಿತು. ಎಲ್ಲ ಕೇಳಿಸಿಕೊಂಡು, "ಅಲ್ಲಾ, ಆ ಚುಕ್ಕೆಗಳು ಬಸ್ಸಲ್ಲಿ ಏನ್ ಮಾತಾಡ್ಕೊಳ್ತಾವೆ?" ಎಂದು ಕೇಳಿದರು.

"ಏ... ಏನೂ ಇಲ್ಲ" ಅಂದೆ.

"ಅಯ್ಯೋ ಪಾಪ! ಅಷ್ಟು ದೂರ ಸುಮ್ನೆ ಕೂತಿರ್ತಾವಾ?"

ಇಡೀ ದಿನ ಪಿಯಾನೋ ತಂತಿ ಬಿಗಿಯುತ್ತಾ ಅದನ್ನೇ ಯೋಚಿಸುತ್ತಿದ್ದೆ.

ಹೆನ್ನಿಂಗ್


ಹ್ಯಾನೋವರ್
14 ಅಕ್ಟೋಬರ್ 2012

ನನ್ನ ಜೀನಿಯಸ್ ಅಣ್ಣ,

ಚಪ್ಪಾಳೆ! ಚಪ್ಪಾಳೆ! ನಿಜವಾದ ಚಪ್ಪಾಳೆ ಅಣ್ಣ! ಯೋಸ್ಟ್ ನಿನ್ನ ಆಟವನ್ನು ದೊಡ್ಡ ಪರದೆಯ ಮೇಲೆ ತೋರಿಸಿದನಂತೆ, ನಿಮ್ಮ ಜಿಲ್ಲೆಯ ಸಾರಿಗೆ ಅಧಿಕಾರಿಗಳೆಲ್ಲ ಬಂದಿದ್ದರಂತೆ, ಬಸ್ಸುಗಳು ಇರುವೆಗಳ ಹಾಗೆ ಓಡಾಡಿದ್ದನ್ನು ನೋಡಿ ಒಬ್ಬರು ಎದ್ದು ನಿಂತೇ ಬಿಟ್ಟರಂತೆ. "ಇದನ್ನ ಮಾಡಿದ್ದು ಯಾರ್ರೀ?" ಎಂದು ಕೇಳಿದಾಗ ಯೋಸ್ಟ್, "ನನ್ನ ಹೆಂಡ್ತಿ ಅಣ್ಣ" ಅಂದನಂತೆ. ಆ ಸಂಜೆ ಕುಂಬಳಕಾಯಿ ಸೂಪ್ ಮಾಡಿದ್ದೆ, ಇಬ್ಬರೂ ನಿನ್ನ ಹೆಸರಿನಲ್ಲಿ ವೈನ್ ಕುಡಿದೆವು. ನನಗೆ ಸ್ವಲ್ಪ ಜಾಸ್ತಿಯೇ ಆಯಿತು!

ನಿನ್ನ ಹೆದ್ದಾರಿ ಬಸ್ಸು ಡಿಸೆಂಬರ್ ಒಂಬತ್ತರ ಭಾನುವಾರ, ಎಲ್ಲ ಕಡೆ ಹೊಸ ವೇಳಾಪಟ್ಟಿ ಬರುವ ದಿನವೇ ಶುರು. ಪುಟ್ಟ ಬಸ್ಸಿನ ಜಾಗದಲ್ಲಿ ಅದಕ್ಕಿಂತ ಎಷ್ಟೋ ಮಾಡರ್ನ್ ಆದದ್ದು ಬರುತ್ತದೆ, ಕರೆ ಬಸ್! ಒಂದು ಗಂಟೆ ಮೊದಲು ಫೋನ್ ಮಾಡಿದರೆ ಸಾಕು, ಪುಟ್ಟ ವ್ಯಾನು ಮನೆ ಬಾಗಿಲಿಗೇ ಬಂದು ಕೂಡುರಸ್ತೆಗೆ ಬಿಡುತ್ತದೆ. ರಾಜರ ಹಾಗೆ! ಬೆಳಿಗ್ಗೆ ಎಂಟಕ್ಕೆ ಫೋನಿನವರು ಬಂದು ಕೂರುತ್ತಾರಂತೆ. ಅಂದ ಹಾಗೆ ನಿನ್ನ ಪತ್ರದ ಮಧ್ಯದಲ್ಲಿದ್ದ ಪಟ್ಟಿ, ಏರಿಕೆ, ಇಳಿಕೆಯ ಭಾಗ ಯೋಸ್ಟ್‌ಗೆ ಓದಿ ಹೇಳಲಿಲ್ಲ, ಸಾರಿ! ಅವನು ಆಗಲೇ ಬೂಟು ಹಾಕಿಕೊಂಡು ನಿಂತಿದ್ದ. ಅವನಿಗೆ ಅದೆಲ್ಲ ಗೊತ್ತೇ ಇರುತ್ತದೆ ಬಿಡು. ಪುಟ್ಟ ಬಸ್ಸು ತೆಗೆದಾಗ ತೃಪ್ತಿ ಇನ್ನೂ ಏರಿತು ಎಂದು ಎಲ್ಲರಿಗೂ ಆಶ್ಚರ್ಯವಂತೆ!

ಗೆಸಾಗೆ ಹೇಳು, ನೀನೊಬ್ಬ ಹೀರೋ ಎಂದು.

ವೀಬ್ಕೆ


ಡಾರ್ನ್‌ಬೆಕ್
11 ನವೆಂಬರ್ 2012

ವೀಬ್ಕೆ,

ಫೋನ್ ಮಾಡಬೇಕು ಎಂದು ಬರೆದಿದ್ದೀಯ. ಬರೆಯುವಾಗ ನಿನಗೆ ಏನೂ ಅನಿಸಲಿಲ್ಲವೇ?

ಸ್ಟಾಪಿನಲ್ಲಿ ನೋಟಿಸು ಅಂಟಿಸಿದ್ದಾರೆ. ಪಂಚಾಯಿತಿಯವರು ಅದರ ಪಕ್ಕದಲ್ಲಿ ಒಂದು ಬೆಂಚು ಹಾಕಿ ಹಸಿರು ಬಣ್ಣ ಬಳಿದಿದ್ದಾರೆ. ಯಾರಿಗಾದರೂ ಪೇಟೆಗೆ ಹೋಗಬೇಕಿದ್ದರೆ ಅದರ ಮೇಲೆ ಕೂರಬೇಕಂತೆ, ಕಾರಿನಲ್ಲಿ ಹೋಗುವವರು ನೋಡಿ ಹತ್ತಿಸಿಕೊಳ್ಳುತ್ತಾರಂತೆ. ಊವೆ ಬಸ್ಸು ನಿಲ್ಲಿಸಿ ಅದನ್ನು ನೋಡಿ, "ಶವಯಾತ್ರೆಗೆ ಮುಂಚೇನೇ ಸಮಾಧಿ ಕಟ್ಟಿದ್ದಾರೆ" ಅಂದ. ಯಾರೂ ನಗಲಿಲ್ಲ. ಅವನನ್ನು ಬೇರೆ ಡಿಪೋಗೆ ಹಾಕಿದ್ದಾರೆ.

ಗೆಸಾ ಆಸ್ಪತ್ರೆಯಲ್ಲಿ ಏಳೂವರೆಗೆ ಒಲೆ ಹಚ್ಚಬೇಕು. ಎಂಟಕ್ಕೆ ಫೋನ್ ಎತ್ತುವವರು ಏಳೂವರೆಗೆ ಹೇಗೆ ತಲುಪಿಸುತ್ತಾರೆ? "ಯಾವ ಬುದ್ಧಿವಂತ ಕೂತ್ಕೊಂಡು ಇದನ್ನ ಗೀಚಿದ್ನೋ, ಅವನ ಕೈಗೆ ಒಂದು ದಿನ ನನ್ನ ಸೌಟು ಕೊಡ್ಬೇಕು" ಅಂದರು. ನಾನು ಕಿಟಕಿಯಾಚೆ ನೋಡಿದೆ. ಆಮೇಲೆ ಮೆಲ್ಲಗೆ, "ಡಿಸೆಂಬರ್ ಆದ್ಮೇಲೆ ನೀವೇನ್ ಮಾಡ್ತೀರಿ?" ಎಂದು ಕೇಳಿದರು. ಉತ್ತರ ಮೊದಲ ಅಕ್ಷರದಲ್ಲೇ ಸಿಕ್ಕಿಹಾಕಿಕೊಂಡಿತು. ಅವರು ಕಾದರು. ಅಷ್ಟರಲ್ಲಿ ಆಸ್ಪತ್ರೆ ಬಂತು.

ಪುಟ್ಟ ಬಸ್ಸನ್ನು ಹಾಕಲು ಆಗುತ್ತದೆಯೇ? ಬೆಳಿಗ್ಗೆ ಒಂದೇ ಸಲ ಓಡಿದರೂ ಸಾಕು. ಯೋಸ್ಟ್‌ನನ್ನು ಕೇಳು. ನಾನು ಈ ಮೊದಲು ನಿನ್ನ ಹತ್ತಿರ ಏನನ್ನೂ ಕೇಳಿಲ್ಲ.

ಹೆನ್ನಿಂಗ್


ಹ್ಯಾನೋವರ್
18 ನವೆಂಬರ್ 2012

ಅಣ್ಣ,

ನಿನ್ನ ಕಾಗದ ಓದಿ ಅತ್ತುಬಿಟ್ಟೆ. ಫೋನಿನ ವಿಷಯ ನನಗೆ ಹೊಳೆಯಲೇ ಇಲ್ಲ, ದೇವರಾಣೆ. ನೀನು ಕಾಗದದಲ್ಲಿ ತೊದಲುವುದಿಲ್ಲವಲ್ಲ, ಮರೆತೇಹೋಗಿತ್ತು.

ಯೋಸ್ಟ್‌ನನ್ನು ಕೇಳಿದೆ. "ಸಹಿ ಆಗಿದೆ ವೀಬ್ಕೆ, ಎಲ್ಲಾ ಪ್ರಿಂಟ್ ಆಗಿದೆ" ಅಂದ. ಇನ್ನೊಮ್ಮೆ ಕೇಳಿದೆ. "ಆಟದಲ್ಲಾದ್ರೆ ಗೆರೆ ಅಳ್ಸಿ ಇನ್ನೊಂದು ಎಳೀಬಹುದು ಚಿನ್ನ, ಇಲ್ಲಿ ಮುಂದಿನ ಡಿಸೆಂಬರ್‌ವರೆಗೂ ಯಾರೂ ಮುಟ್ಟೋ ಹಾಗಿಲ್ಲ" ಅಂದ. ಮೂರನೇ ಸಲ ಕೇಳಲಿಲ್ಲ. ಅವನ ಮುಖ ಸಪ್ಪೆಯಾಯಿತು, ನಮ್ಮ ಮನೆಯಲ್ಲಿ ಇನ್ನೂ ಜಗಳ ಅನ್ನುವುದು ಆಗಿಲ್ಲ ಅಣ್ಣ.

ಆದರೆ ನನಗೊಂದು ಐಡಿಯಾ ಬಂದಿದೆ! ಕೊನೆಯ ದಿನ, ಕೊನೆಯ ಬಸ್ಸಿನಲ್ಲಿ, ನಿನ್ನ ವಿಳಾಸ ಬರೆದ ಚೀಟಿಯನ್ನು ಗೆಸಾ ಕೈಗೆ ಕೊಟ್ಟುಬಿಡು. ಒಂದು ಮಾತೂ ಆಡಬೇಕಿಲ್ಲ! ಇವತ್ತು ನಾಳೆ ಕೊಡಬೇಡ, ಕೊನೆಯ ದಿನವೇ ಕೊಡು. ಅದರಲ್ಲಿ ಒಂದು ಸೊಗಸಿದೆ. ಸಿನಿಮಾದ ಹಾಗೆ! ಮಾಡುತ್ತೀಯಲ್ಲ? ಮಾಡುತ್ತೇನೆ ಎಂದು ಬರಿ.

ವೀಬ್ಕೆ


ಡಾರ್ನ್‌ಬೆಕ್
12 ಡಿಸೆಂಬರ್ 2012

ವೀಬ್ಕೆ,

ನೀನು ಹೇಳಿದ ಹಾಗೆಯೇ ಮಾಡಿದೆ. ಕೊನೆಯ ದಿನಕ್ಕೆ ಉಳಿಸಿಕೊಂಡೆ.

ಕೊನೆಯ ದಿನ ಎಂದರೆ ಶುಕ್ರವಾರ. ಚೀಟಿ ಜೇಬಿನಲ್ಲಿತ್ತು. ಗೆಸಾಗೆ ಒಂದು ಸಣ್ಣ ಕೊಡುಗೆಯೂ ಇತ್ತು, ಪಿಯಾನೋ ಕೀಲಿಮಣೆಯ ಹಳೇ ಮರದಿಂದ ಕೆತ್ತಿದ ಸೌಟು. ಹೊರಗೆ ರಸ್ತೆ ಪೂರ್ತಿ ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ಬೇಲಿ ಹಿಡಿದುಕೊಂಡು ಸ್ಟಾಪಿಗೆ ಹೋದೆ. ಅಲ್ಲಿ ಒಂದು ಮಗುವೂ ಇರಲಿಲ್ಲ. ಬಹಳ ಹೊತ್ತು ನಿಂತೆ. ಕೊನೆಗೆ ಎದುರು ಮನೆಯ ಕಿಟಕಿ ತೆರೆದು ಅಲ್ಲಿನವರು ಕೂಗಿದರು, "ರೇಡಿಯೋ ಕೇಳಿಲ್ವಾ? ಮಂಜುಗಡ್ಡೆ ಅಂತ ಇವತ್ತು ಶಾಲೆಗೆಲ್ಲಾ ರಜೆ!"

ಶಾಲೆ ಇಲ್ಲದ ದಿನ ಏಳನೇ ನಂಬರು ಇಲ್ಲ. ಆ ಸಾಲನ್ನು ವೇಳಾಪಟ್ಟಿಯ ಕೆಳಗೆ ನಾನು ಎಷ್ಟು ಸಲ ಓದಿದ್ದೇನೋ. ಆಟದಲ್ಲೂ ಬರೆದು ಹಾಕಿದ್ದೆ. ಆದರೆ ಆಟದಲ್ಲಿ ರಜೆಯ ದಿನಗಳನ್ನು ಮೊದಲೇ ಕೊಟ್ಟಿರುತ್ತೇವೆ. ನೆಲ ಹೆಪ್ಪುಗಟ್ಟುವುದಿಲ್ಲ.

ವಾಪಸ್ಸು ಬರುವಾಗ ಬಿದ್ದೆ. ಬಲಗಾಲು ಮುರಿದಿದೆ, ಫೆಬ್ರವರಿಯವರೆಗೆ ಪ್ಲಾಸ್ಟರು.

ಸೋಮವಾರ ಕರೆ ಬಸ್ಸಿಗೆ ಫೋನ್ ಮಾಡಿದೆ. ಗಿರಣಿಯವರೆಗಾದರೂ ಬಿಡುತ್ತಾರೋ ಎಂದು.

"ಕರೆ ಬಸ್, ನಮಸ್ಕಾರ. ಎಲ್ಲಿಂದ ಎಲ್ಲಿಗೆ?"

"ಡ... ಡ... ಡಾ..."

"ಹಲೋ? ಸರಿಯಾಗಿ ಕೇಳ್ತಿಲ್ಲ, ಮತ್ತೆ ಮಾಡಿ."

ಎರಡನೇ ಸಲವೂ ಅಷ್ಟೇ. ಮೂರನೇ ಸಲ ಆ ಹುಡುಗಿ, "ನೋಡ್ರೋ ಮಕ್ಕಳಾ, ಬೇರೆ ಆಟ ಸಿಗ್ಲಿಲ್ವಾ ನಿಮ್ಗೆ? ಇನ್ನೊಂದ್ಸಲ ಮಾಡಿದ್ರೆ ನಿಮ್ಮಪ್ಪನಿಗೆ ಹೇಳ್ತೀನಿ" ಎಂದು ಇಟ್ಟಳು. ನನಗೆ ಮೂವತ್ತೆಂಟು ವರ್ಷ ವೀಬ್ಕೆ.

ಗೆಸಾ ಎಂಬ ಹೆಸರು ಬಿಟ್ಟರೆ ನನಗೆ ಏನೂ ಗೊತ್ತಿಲ್ಲ. ಮನೆತನದ ಹೆಸರು ಗೊತ್ತಿಲ್ಲ. ಗಿರಣಿಯ ಹಿಂದೆ ಮೂರು ಹಳ್ಳಿಗಳಿವೆ, ಯಾವುದರಿಂದ ನಡೆದು ಬರುತ್ತಾರೆ ಎಂದು ಕೇಳಿಲ್ಲ. ನಾಳೆ ಹೇಗೂ ಸಿಗುತ್ತಾರಲ್ಲ ಎಂದುಕೊಂಡು ಮೂರು ವರ್ಷ ಕಳೆದೆ. ಇದನ್ನು ಇಲ್ಲಿ ಯಾರ ಹತ್ತಿರ ಹೇಳಿಕೊಂಡು ಕಾರು ಕೇಳಲಿ? ಈ ವಿಷಯ ಗೊತ್ತಿರುವುದು ನಿನಗೊಬ್ಬಳಿಗೆ. ನಿನಗೆ ಕಾರಿದೆ. ಹಳೇ ಗಿರಣಿ ಸ್ಟಾಪಿಗೆ ಒಂದು ಸಲ ಹೋಗು. ನಾನು ಬರಲಿಲ್ಲ ಅಂದುಕೊಂಡಿರುತ್ತಾರೆ. ಬಂದಿದ್ದೆ ಎಂದು ಹೇಳು.

ಬೇಗ ಹೋಗು.

ಹೆನ್ನಿಂಗ್


(ಹಿಮದಲ್ಲಿ ಜಾರುಗಾಡಿಯ ಚಿತ್ರವಿರುವ ಕಾರ್ಡು)
ಗಾರ್ಮಿಶ್
23 ಡಿಸೆಂಬರ್ 2012

ಅಣ್ಣ, ಕ್ರಿಸ್‌ಮಸ್ ಶುಭಾಶಯ! ಕಾಲು ಮುರಿದಿದ್ದು ಕೇಳಿ ತುಂಬಾ ಬೇಜಾರಾಯಿತು. ಅತ್ತೆ ಮಾವನ ಜೊತೆ ಸ್ಕೀಯಿಂಗಿಗೆ ಬಂದಿದ್ದೇವೆ, ಮೊದಲೇ ಬುಕ್ ಆಗಿತ್ತು. ಹೊಸ ವರ್ಷ ಆದ ತಕ್ಷಣ ಗಿರಣಿಗೆ ಖಂಡಿತ ಹೋಗುತ್ತೇನೆ, ಪ್ರಾಮಿಸ್! ಗೆಸಾ ಎಲ್ಲೂ ಓಡಿಹೋಗುವುದಿಲ್ಲ. ಯೋಸ್ಟ್ ಕೂಡ ಹಾಯ್ ಹೇಳಿದ್ದಾನೆ. ವೀ.


ಡಾರ್ನ್‌ಬೆಕ್
9 ಜನವರಿ 2013

ವೀಬ್ಕೆ,

ಆಸ್ಪತ್ರೆಯ ಅಡುಗೆಮನೆಗೆ ಕಾಗದ ಬರೆದಿದ್ದೆ. ಉತ್ತರ ಬಂತು. ಗೆಸಾ ಎಂಬ ಹೆಸರಿನವರು ಹೊಸ ವರ್ಷದಿಂದ ಕೆಲಸದಲ್ಲಿಲ್ಲ, ಬಿಟ್ಟುಹೋದವರ ವಿಳಾಸ ಕೊಡಲು ನಿಯಮವಿಲ್ಲ ಎಂದಿದೆ.

ಹೋದೆಯಾ?

ಹೆ.


ಹಳೇ ಗಿರಣಿ
27 ಜನವರಿ 2013

ಅಣ್ಣ,

ಕಾರಿನೊಳಗೆ ಕೂತು ಬರೆಯುತ್ತಿದ್ದೇನೆ. ಬೆರಳು ಮರಗಟ್ಟಿವೆ, ಅಕ್ಷರ ಓದಲು ಆಗದಿದ್ದರೆ ಕ್ಷಮಿಸು.

ಹೊಸ ವರ್ಷ ಆದ ತಕ್ಷಣ ಎಂದಿದ್ದೆ. ಮೊದಲ ವಾರ ಯೋಸ್ಟ್‌ಗೆ ಜ್ವರ. ಆಮೇಲೆ ಕಾರು ಅವನಿಗೆ ಬೇಕಿತ್ತು. ಆಮೇಲೆ ಏನೂ ಕಾರಣವಿರಲಿಲ್ಲ. ನಿನ್ನ "ಹೋದೆಯಾ" ಎಂಬ ಕಾಗದ ಫ್ರಿಜ್ಜಿನ ಮೇಲೆ ಬಿದ್ದಿತ್ತು. ನಿನ್ನೆ ಯೋಸ್ಟ್ ಅದನ್ನು ಎತ್ತಿಕೊಂಡು, "ಯಾರು ಈ ಗೆಸಾ?" ಎಂದು ಕೇಳಿದ. ಎಲ್ಲ ಹೇಳಿದೆ. ನೀನು ಸೆಪ್ಟೆಂಬರಿನಲ್ಲಿ ಬರೆದಿದ್ದ, ನಾನು ಓದದೆ ಬಿಟ್ಟ ಭಾಗವನ್ನೂ ಹುಡುಕಿ ಓದಿದೆ. ಅವನು ಕೈಯಲ್ಲಿದ್ದ ಕಾಗದವನ್ನು ಮಡಚಿ ಮತ್ತೆ ಫ್ರಿಜ್ಜಿನ ಮೇಲಿಟ್ಟ. ಆಮೇಲೆ, "ಗಿರಣಿ ಸ್ಟಾಪ್‌ನಲ್ಲಿ ಹತ್ತೋದು ಒಬ್ರೇ ಕಣೆ. ಒಬ್ರಿಗೋಸ್ಕರ ಯಾರೂ ಬಸ್ ಬಿಡಲ್ಲ" ಅಂದ. ನಿಧಾನವಾಗಿ, ಎಷ್ಟು ಪ್ರೀತಿಯಿಂದ ಅಂದ ಗೊತ್ತಾ. ನಾನು ಅವನ ಜೊತೆ ಮಲಗಲಿಲ್ಲ. ಬೆಳಿಗ್ಗೆ ಕಾರಿನ ಕೀ ತೆಗೆದುಕೊಂಡು ಹೊರಟುಬಿಟ್ಟೆ.

ಸ್ಟಾಪಿನ ಎದುರಿಗೆ ಒಂದೇ ಮನೆ. ಅಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಗೆಸಾ ಅಂದ ಕೂಡಲೇ, "ಆಸ್ಪತ್ರೆ ಗೆಸಾನಾ? ಹೋದ್ಳಲ್ಲಮ್ಮ, ಎಂಟು ದಿನ ಆಯ್ತು" ಅಂದರು.

"ಎಲ್ಲಿಗೆ ಅಜ್ಜಿ?"

"ಉತ್ತರಕ್ಕೆಲ್ಲೋ. ಮೀನು ಕಾರ್ಖಾನೇಲಿ ಕೆಲ್ಸ ಸಿಕ್ತು ಅಂದ್ಳು. ಬಾಡಿಗೆ ಮನೆ, ಬಿಡೋಕೆ ಎಷ್ಟೊತ್ತು? ಊರಿನ ಹೆಸರು ಹೇಳಿದ್ಳು, ನನಗೆ ನೆನಪಿಲ್ಲ ತಾಯಿ, ಬೈಕೋಬೇಡ."

ಪಕ್ಕದ ಮೂರು ಹಳ್ಳಿಗಳಲ್ಲೂ ಕೇಳಿದೆ ಅಣ್ಣ, ಬಾಗಿಲು ಬಾಗಿಲು ತಟ್ಟಿದೆ. ಅವಳ ಮನೆಯನ್ನು ತೋರಿಸಿದರು. ಕಿಟಕಿಗೆ ಪರದೆಯಿಲ್ಲ. ಯಾರಿಗೂ ವಿಳಾಸ ಗೊತ್ತಿಲ್ಲ. ಮತ್ತೆ ಅಜ್ಜಿಯ ಹತ್ತಿರ ಬಂದೆ. ಆಗ ಅವರು ಹೇಳಿದ ಮಾತನ್ನು ಬರೆಯಬಾರದು ಅಂದುಕೊಂಡಿದ್ದೆ. ಬರೆಯದಿದ್ದರೆ ಅವತ್ತು ಯೋಸ್ಟ್‌ಗೆ ಅರ್ಧ ಓದದೆ ಬಿಟ್ಟ ಹಾಗೆ ನಿನ್ನ ಹತ್ತಿರವೂ ಅರ್ಧ ಬಚ್ಚಿಟ್ಟ ಹಾಗಾಗುತ್ತದೆ.

"ಬಸ್ ನಿಂತ್ಮೇಲೂ ದಿನಾ ಬೆಳಿಗ್ಗೆ ಬಂದು ಅಲ್ಲೇ ನಿಲ್ತಿದ್ಳು ಕಣಮ್ಮ. ಕ್ರಿಸ್‌ಮಸ್ ಆಯ್ತು, ಹೊಸ ವರ್ಷ ಆಯ್ತು, ಚಳೀಲಿ ಹಾಗೇ ನಿಲ್ತಿದ್ಳು. ನಾನೇ ಒಂದಿನ ಕಿಟಕಿ ತೆಗೆದು ಕೂಗ್ದೆ, ಏ ಗೆಸಾ, ತಲೆ ಕೆಟ್ಟಿದ್ಯಾ, ಬಸ್ ಬರಲ್ಲ ಕಣೇ ಅಂತ. ಗೊತ್ತು ಅಂದ್ಳು. ಬಸ್ಸಿಗೆ ಕಾಯ್ತಿಲ್ಲ ಅಂದ್ಳು."

ನಿನ್ನ ಮನೆ ಇಲ್ಲಿಂದ ಹನ್ನೆರಡು ಕಿಲೋಮೀಟರ್ ಎಂದು ಬೋರ್ಡು ಹೇಳುತ್ತಿದೆ. ನಾನು ಬರುತ್ತಿಲ್ಲ. ಬಂದು ನಿನ್ನೆದುರು ಕೂತು ಈ ಮಾತನ್ನು ಹೇಳಲು ನನ್ನಿಂದ ಆಗುವುದಿಲ್ಲ. ನೀನು ಏನಾದರೂ ಹೇಳಲು ಹೊರಟು, ಅದು ಸಿಕ್ಕಿಹಾಕಿಕೊಂಡು, ನಾನು ಸುಮ್ಮನೆ ಕಾಯಬೇಕಾಗಿ ಬಂದರೆ, ಆ ಮೌನದಲ್ಲಿ ಕೂರುವ ಧೈರ್ಯ ನನಗಿಲ್ಲ. ಇಲ್ಲಿಯ ಅಂಚೆ ಡಬ್ಬಿಗೆ ಇದನ್ನು ಹಾಕಿ ಹೊರಡುತ್ತೇನೆ. ಹ್ಯಾನೋವರಿಗೋ, ಎಲ್ಲಿಗೋ.

ನಿನ್ನ ತಂಗಿ


ಡಾರ್ನ್‌ಬೆಕ್
31 ಜನವರಿ 2013

ವೀಬ್ಕೆ,

ನಿನ್ನ ಕಾಗದ ತಲುಪಿತು.

ಯೋಸ್ಟ್ ಮೇಲೆ ನನಗೆ ಸಿಟ್ಟಿಲ್ಲ. ಗೆರೆ ಎಳೆದವನು ನಾನು. ನೀನು ಮನೆಗೆ ಹೋಗು.

ಅಂಚೆಯವನ ಹಳದಿ ವ್ಯಾನು ಬೆಳಿಗ್ಗೆ ಗಿರಣಿ, ಆಮೇಲೆ ಆ ಮೂರು ಹಳ್ಳಿ, ಆಮೇಲೆ ನಮ್ಮೂರು, ಹೀಗೆ ಸುತ್ತಿಕೊಂಡು ಬಂದು ಅದೇ ದಾರಿಯಲ್ಲಿ ವಾಪಸ್ಸು ಹೋಗುತ್ತದೆ. ಏಳನೇ ನಂಬರಿನ ದಾರಿಯೇ. ಪ್ಲಾಸ್ಟರು ಬಿಚ್ಚಲು ಇನ್ನೂ ದಿನ ಇದೆ, ಆದರೂ ಕೋಲು ಹಿಡಿದುಕೊಂಡು ಎದ್ದು ಓಡಾಡಬಲ್ಲೆ. ಅವನನ್ನು ಕೇಳೋಣ ಎಂದು ವಾರದಿಂದ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದೆ. ಮೊನ್ನೆ ಅವನು ಬಂದಾಗ ಗೇಟಿನ ಹತ್ತಿರ ಕಾಯುತ್ತಾ ನಿಂತಿದ್ದೆ. ಕೋಟು ಹಾಕಿಕೊಂಡಿದ್ದೆ. ಅವನು ಒಂದು ಲಕೋಟೆ ಕೊಟ್ಟ. ನಾನು ಅದನ್ನು ನೋಡದೆ ಜೇಬಿಗೆ ಇಟ್ಟುಕೊಂಡು, ಗಿರಣಿಯವರೆಗೆ ನನ್ನನ್ನು ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿದೆ. ಪೂರ್ತಿ ಕೇಳಿದೆ. ತುಂಬಾ ಹೊತ್ತು ಹಿಡಿಯಿತು, ಅವನು ಎಂಜಿನ್ ಆರಿಸಿ ಕೇಳಿಸಿಕೊಂಡ, ಒಳ್ಳೆಯ ಮನುಷ್ಯ.

"ಆಗಲ್ಲ ಹೆನ್ನಿಂಗ್, ಕೈ ಮುಗೀತೀನಿ" ಅಂದ. "ಸೀಟೇನೋ ಖಾಲಿ ಇದೆ. ಇನ್ಶೂರೆನ್ಸ್‌ನೋರು ಒಪ್ಪಲ್ಲ. ಮನುಷ್ಯರನ್ನ ಹತ್ತಿಸ್ಕೊಂಡಿದ್ದು ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ."

ಹೋಗಲಿ ಬಿಡು ಎಂದು ಕೈಯಲ್ಲೇ ಹೇಳಿದೆ. ಅವನು ವ್ಯಾನು ತಿರುಗಿಸಿಕೊಂಡು ಹೋದ. ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದೆ, ಇನ್ನೊಂದು ಸಲ ಕೇಳಿದ್ದರೆ ಒಪ್ಪುತ್ತಿದ್ದನೇನೋ ಎಂದುಕೊಂಡು.

ಆಮೇಲೆ ಜೇಬಿನಲ್ಲಿದ್ದ ನಿನ್ನ ಕಾಗದ ಒಡೆದೆ.

ಹೆನ್ನಿಂಗ್